ಆ ಚಿತ್ರಗಳನ್ನು ಎಲ್ಲಿ ನಿಂತು ಬರೆದರು ಎಂಬುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಬೆಂಗಳೂರಿನ ರಮ್ಯ ನೋಟಗಳು ಎಂಬ ತಲೆಬರಹದ ಕೆಳಗೆ ಮೂರು ಬಣ್ಣದ ಚಿತ್ರಗಳು ಅಚ್ಚಾಗಿದ್ದವು. ಒಂದು ಕೋಟೆಯ ದೆಹಲಿ ಬಾಗಿಲು, ಇನ್ನೊಂದು ಟಿಪ್ಪುವಿನ ಅರಮನೆ, ಮೂರನೆಯದು ಸಾವನದುರ್ಗ. ಮೂರೂ ಚೆಲುವಾದ ಚಿತ್ರಗಳೇ. ಅಚ್ಚೂ ಚೆನ್ನಾಗಿ ಬಂದಿತ್ತು. ಆದರೆ ಚಿತ್ರಗಳನ್ನು ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ, ಇಸವಿ ಇರಲಿಲ್ಲ, ಅವು ಯಾವ ಸಂದರ್ಭದಲ್ಲಿ ಹುಟ್ಟಿದವು ಎಂಬ ಒಂದು ಸಾಲೂ ಇರಲಿಲ್ಲ. ಅದರ ಬದಲು ‘ಗದ್ದಲವಿಲ್ಲದ, ನೆಮ್ಮದಿಯ ಅಂದಿನ ಊರು’ ಎಂಬ ಅಡಿಬರಹವಿತ್ತು. ಆ ಚಿತ್ರಗಳು ಹುಟ್ಟಿದ 1791 ಮತ್ತು 1792ನೆಯ ಇಸವಿಗಳು ಬೆಂಗಳೂರು ಕಂಡ ಅತ್ಯಂತ ಗದ್ದಲದ, ಅತ್ಯಂತ ದುಃಖದ ವರ್ಷಗಳಲ್ಲಿ ಸೇರಿದವು. ಅವುಗಳನ್ನು ಬರೆದವರು ಊರನ್ನು ನೋಡಲು ಬಂದ ಪ್ರವಾಸಿಗಳಲ್ಲ, ಊರಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೈನ್ಯದ ಅಧಿಕಾರಿಗಳು. ಇಷ್ಟನ್ನು ಓದುಗರಿಗೆ ತಿಳಿಸದೆ ಆ ಚಿತ್ರಗಳನ್ನು ಅಚ್ಚು ಹಾಕಬಾರದು ಎಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಈ ನಗರದ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಎಂಟನೆಯ ತರಗತಿಯ ಮಕ್ಕಳನ್ನು ಲಾಲ್‌ಬಾಗಿಗೋ ಬ್ಯೂಗಲ್ ರಾಕ್ ಉದ್ಯಾನಕ್ಕೋ ಕರೆದುಕೊಂಡು ಹೋಗಿ ನಿಸರ್ಗಚಿತ್ರ ಬರೆಸುವಾಗ ಒಂದು ನಿಯಮ ಇಟ್ಟುಕೊಂಡಿದ್ದೆ. ಚಿತ್ರ ಮುಗಿದ ಮೇಲೆ ಹಾಳೆಯ ಹಿಂಬದಿಯಲ್ಲಿ ಆ ಜಾಗದ ಸಣ್ಣ ನಕ್ಷೆ ಹಾಕಿ, ತಾವು ಕೂತು ಬರೆದ ಕಡೆ ಒಂದು ಗುಣಾಕಾರದ ಗುರುತು ಮಾಡಿ, ತಾರೀಖು ಮತ್ತು ಹೊತ್ತು ಬರೆಯಬೇಕು. ಮೊದಮೊದಲು ಮಕ್ಕಳಿಗೆ ಇದು ಬೇಡದ ಕೆಲಸ ಅನ್ನಿಸುತ್ತಿತ್ತು. ಆದರೆ ಒಂದೇ ಬಂಡೆಯನ್ನು ನಲವತ್ತು ಮಕ್ಕಳು ನಲವತ್ತು ಕಡೆ ಕೂತು ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಿ ಹಿಂದುಮುಂದು ತಿರುಗಿಸಿ ನೋಡಿದಾಗ, ಬಂಡೆಯ ಆಕಾರ ಎಷ್ಟು ಮಟ್ಟಿಗೆ ಕೂತವನ ಜಾಗದಿಂದ ಹುಟ್ಟುತ್ತದೆ ಎಂಬುದು ಅವರಿಗೇ ಹೊಳೆಯುತ್ತಿತ್ತು. ನಿಮ್ಮ ಪುರವಣಿಯ ಮೂರು ಚಿತ್ರಗಳ ಹಿಂಬದಿಯಲ್ಲಿಯೂ ಅಂಥ ಗುರುತುಗಳಿವೆ. ಅವು ಎಲ್ಲಿ ಬೀಳುತ್ತವೆ ಎಂಬುದನ್ನು ಹೇಳಲು ಆ ಎರಡು ವರ್ಷಗಳ ಕಥೆಯನ್ನು ಸ್ವಲ್ಪ ನೆನಪಿಸಬೇಕಾಗುತ್ತದೆ.

ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆಯ ಮುಂದಾಳಾಗಿ 1791ರ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟ. ಮುಗಳಿ ಘಾಟಿ ಹತ್ತಿ, ಕೋಲಾರ, ಹೊಸಕೋಟೆಗಳ ಮೇಲೆ ಹಾದು ಮಾರ್ಚ್ 5ರಂದು ಬೆಂಗಳೂರಿನ ಎದುರು ಬೀಡುಬಿಟ್ಟ. ಮಾರ್ಚ್ 7ರಂದು, ಮುಳ್ಳಿನ ಬೇಲಿಯೂ ಕಂದಕವೂ ಸುತ್ತುವರಿದಿದ್ದ ನಮ್ಮ ಪೇಟೆ ಅವನ ಕೈಸೇರಿತು. ಪೇಟೆಯ ಬಾಗಿಲಲ್ಲಿ ನಡೆದ ಕಾದಾಟದಲ್ಲಿ ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಸತ್ತ. ಎರಡು ವಾರ ಕೋಟೆಯ ಗೋಡೆಗೆ ಗುಂಡು ಹೊಡೆದು ಬಿರುಕು ಮಾಡಿ, ಮಾರ್ಚ್ 21ರ ಬೆಳದಿಂಗಳ ರಾತ್ರಿ ಲಗ್ಗೆ ಹತ್ತಿದರು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದ. ಇಂದು ಕೃಷ್ಣರಾಜೇಂದ್ರ ರಸ್ತೆಯಲ್ಲಿ ಉಳಿದಿರುವ ಕೋಟೆಯ ತುಂಡಿನ ಗೋಡೆಯಲ್ಲಿ, ಈ ಬಿರುಕಿನ ಮೂಲಕವೇ ಬ್ರಿಟಿಷರ ಲಗ್ಗೆ ನಡೆಯಿತು ಎಂದು ಸಾರುವ ಕಲ್ಲಿನ ಫಲಕವಿದೆ. ಹೂವಿನ ಮಾರುಕಟ್ಟೆಗೆ ಹೋಗುವವರು ದಿನವೂ ಅದರ ಪಕ್ಕದಲ್ಲೇ ನಡೆಯುತ್ತಾರೆ. ಆಗ ಕೋಟೆಗೂ ಪೇಟೆಗೂ ನಡುವೆ ಇದ್ದ ಬಯಲೇ ಇಂದಿನ ಸಿಟಿ ಮಾರ್ಕೆಟ್ ಇರುವ ಜಾಗ.

ಬೆಂಗಳೂರು ಕೈಸೇರಿದ ಮೇಲೆ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ನಡೆದ. ಮಳೆ ಹಿಡಿಯಿತು, ಮೇವು ಸಿಕ್ಕಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮುತ್ತಿಗೆಯ ದೊಡ್ಡ ತೋಪುಗಳನ್ನು ತಾವೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಈ ಸೋಲಿನಿಂದ ಕಲಿತ ಪಾಠವೆಂದರೆ, ರಾಜಧಾನಿಗೆ ಹೋಗುವ ದಾರಿಯ ಎರಡೂ ಕಡೆಯ ಗಿರಿದುರ್ಗಗಳು ಟಿಪ್ಪುವಿನ ಕೈಯಲ್ಲಿ ಇರುವಷ್ಟು ಕಾಲ ದವಸಧಾನ್ಯದ ಗಾಡಿಗಳು ಸುರಕ್ಷಿತವಾಗಿ ದಂಡನ್ನು ತಲುಪುವುದಿಲ್ಲ ಎಂಬುದು. ಹಾಗಾಗಿ ಆ ವರ್ಷದ ಉಳಿದ ಭಾಗವೆಲ್ಲ ದುರ್ಗಗಳನ್ನು ಒಂದೊಂದಾಗಿ ಹಿಡಿಯುವುದರಲ್ಲೇ ಕಳೆಯಿತು. ಜುಲೈನಲ್ಲಿ ಹೊಸೂರು, ಅದರ ಬೆನ್ನಿಗೆ ರಾಯಕೋಟೆ, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಮೂರೇ ದಿನದ ಮೇಲೆ ಹುತ್ರಿದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದು, ಅರ್ಧ ರಾಜ್ಯವನ್ನು ಬಿಡಿಸಿಕೊಂಡು ಯುದ್ಧ ನಿಲ್ಲಿಸಿದರು.

ಈ ದಂಡಿನ ಜೊತೆಯಲ್ಲಿ ಚಿತ್ರ ಬರೆಯುವ ಕೈಗಳು ಹಲವಿದ್ದವು. ಕಂಪನಿಯ ಸರ್ವೆ ಅಧಿಕಾರಿ ಲೆಫ್ಟಿನೆಂಟ್ ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಮೈಸೂರು ಸೀಮೆಯ ಹನ್ನೆರಡು ನೋಟಗಳ ಸಂಪುಟವನ್ನು ಲಂಡನ್ನಿನಲ್ಲಿ ಹೊರತಂದ. ಮುಂದೆ ಅವನೇ ಬಂಗಾಳದ ಸರ್ವೇಯರ್ ಜನರಲ್ ಆದ. ಕ್ಯಾಪ್ಟನ್ ಅಲೆಕ್ಸಾಂಡರ್ ಅಲನ್ 1794ರಲ್ಲಿ ಇನ್ನೊಂದು ಸಂಪುಟ ತಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಸಂಜೆ, ಬಿಳಿಯ ಬಾವುಟ ಹಿಡಿದು ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳನ್ನು ಶರಣಾಗಿಸಿದ ಮೇಜರ್ ಅಲನ್ ಇವನೇ. ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬೆಂಗಳೂರಿನ ಕೋಟೆಯನ್ನೂ ಅರಮನೆಯನ್ನೂ ಬೇರೆ ಬೇರೆ ದಿಕ್ಕಿನಿಂದ ಬರೆದ. ಇವರ ಜೊತೆಗೆ ರಾಬರ್ಟ್ ಹೋಮ್ ಎಂಬ ವೃತ್ತಿಕಲಾವಿದನೂ ಇದ್ದ. ಅವನು ಸೈನಿಕನಲ್ಲ, ಅಪ್ಪಣೆ ಪಡೆದು ದಂಡಿನೊಡನೆ ನಡೆದವನು. ಮೂರ್‌ಹೌಸನ ಸಾವನ್ನೂ ಒತ್ತೆಯ ಮಕ್ಕಳ ಪ್ರಸಂಗವನ್ನೂ ದೊಡ್ಡ ತೈಲಚಿತ್ರಗಳಲ್ಲಿ ಬರೆದದ್ದಲ್ಲದೆ 1794ರಲ್ಲಿ ಮೈಸೂರಿನ ಆಯ್ದ ನೋಟಗಳ ಪುಸ್ತಕವನ್ನೂ ಪ್ರಕಟಿಸಿದ. ಇಂದು ನಮ್ಮ ಹೋಟೆಲುಗಳ ಗೋಡೆಗಳಲ್ಲಿ, ಕಚೇರಿಗಳ ಮೊಗಸಾಲೆಗಳಲ್ಲಿ, ವರ್ಷದ ಕ್ಯಾಲೆಂಡರುಗಳಲ್ಲಿ ಕಾಣುವ ಹಳೆಯ ಬೆಂಗಳೂರಿನ ಚಿತ್ರಗಳ ಪೈಕಿ ಹೆಚ್ಚಿನವು ಈ ನಾಲ್ವರ ಕೈಯಿಂದ ಬಂದವು.

ಸೈನ್ಯದ ಅಧಿಕಾರಿಗೆ ಇಷ್ಟು ಚೆನ್ನಾಗಿ ಬೆಟ್ಟಗುಡ್ಡ ಬರೆಯಲು ಹೇಗೆ ಬಂತು ಎಂದು ನನ್ನ ಸಹೋದ್ಯೋಗಿಗಳೇ ಕೇಳಿದ್ದುಂಟು. ಅದು ಅವರ ಹವ್ಯಾಸವಾಗಿ ಬಂದದ್ದಲ್ಲ, ಪಾಠವಾಗಿ ಬಂದದ್ದು. ಛಾಯಾಚಿತ್ರ ಇಲ್ಲದ ಕಾಲದಲ್ಲಿ ಶತ್ರುವಿನ ನೆಲವನ್ನು ಕಣ್ಣಿಂದ ಅಳೆದು ಕಾಗದಕ್ಕೆ ಇಳಿಸಬಲ್ಲವನು ದಂಡಿಗೆ ಬೇಕೇ ಬೇಕಿತ್ತು. ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಫಿರಂಗಿ ಮತ್ತು ಇಂಜಿನಿಯರ್ ದಳಗಳ ಅಧಿಕಾರಿಗಳು ತಯಾರಾಗುತ್ತಿದ್ದರು. ಅಲ್ಲಿ 1768ರಿಂದ ಮೂರು ದಶಕಗಳ ಹತ್ತಿರ ಚಿತ್ರಕಲೆಯ ಮುಖ್ಯ ಉಪಾಧ್ಯಾಯನಾಗಿದ್ದವನು ಪಾಲ್ ಸ್ಯಾಂಡ್‌ಬಿ. ಇಂಗ್ಲಿಷ್ ಜಲವರ್ಣಕಲೆಯ ಹಿರಿಯ ಎಂದು ಕಲೆಯ ಚರಿತ್ರೆ ಅವನನ್ನು ಗೌರವಿಸುತ್ತದೆ. ಆದರೆ ಅವನ ಕೈ ಪಳಗಿದ್ದು ಎಲ್ಲಿ ಎಂದು ನೋಡಿದರೆ ಸೇನೆಯ ನಕ್ಷೆಯ ಮೇಜಿನ ಮೇಲೆ. 1746ರಲ್ಲಿ ಕಲೋಡನ್ ಎಂಬಲ್ಲಿ ಸ್ಕಾಟ್ಲೆಂಡಿನ ಬೆಟ್ಟದ ಜನರ ದಂಗೆಯನ್ನು ಹೊಸಕಿಹಾಕಿದ ಬಳಿಕ, ಆ ಬೆಟ್ಟಸೀಮೆ ಮತ್ತೆ ತಿರುಗಿಬೀಳದಂತೆ ರಸ್ತೆ ಹಾಕಲು, ಠಾಣೆ ಕಟ್ಟಲು ಮುಂದಿನ ವರ್ಷವೇ ಅಲ್ಲಿ ಸೈನಿಕ ಸರ್ವೆ ಆರಂಭವಾಯಿತು. ಆ ಸರ್ವೆಯ ನಕ್ಷೆಗಾರನಾಗಿ ಹೋದ ತರುಣ ಸ್ಯಾಂಡ್‌ಬಿ ಬಿಡುವಿನಲ್ಲಿ ಬೆಟ್ಟ, ಕಣಿವೆ, ಕೋಟೆಗಳನ್ನು ಬರೆದ. ಅಂದರೆ ಈ ಬಗೆಯ ನಿಸರ್ಗಚಿತ್ರ ತನ್ನ ತವರಿನಲ್ಲಿಯೇ ಗೆದ್ದ ನೆಲದ ಲೆಕ್ಕಪತ್ರದ ಪಕ್ಕದಲ್ಲಿ ಹುಟ್ಟಿತು. ನಂತರ ಅದು ಸೈನ್ಯ ಹೋದಲ್ಲೆಲ್ಲ ಹೋಯಿತು. ಉತ್ತರ ಅಮೆರಿಕದಲ್ಲಿ ಫ್ರೆಂಚರ ಮೇಲೆ ಕಾದಾಡಲು ಹೋದ ಫಿರಂಗಿ ಅಧಿಕಾರಿ ಥಾಮಸ್ ಡೇವಿಸ್ ನಯಾಗರ ಜಲಪಾತವನ್ನು ಬರೆದ. 1820ರ ದಶಕದಲ್ಲಿ ರಂಗೂನಿಗೆ ನುಗ್ಗಿದ ಸೈನ್ಯದಲ್ಲಿದ್ದ ಲೆಫ್ಟಿನೆಂಟ್ ಜೋಸೆಫ್ ಮೂರ್ ಅಲ್ಲಿನ ಪಗೋಡಗಳನ್ನು ಬರೆದ. ಮೊದಲನೆಯ ಆಫ್ಘನ್ ಯುದ್ಧದಿಂದ ಲೆಫ್ಟಿನೆಂಟ್ ಜೇಮ್ಸ್ ರ‍್ಯಾಟ್ರೇ ಕಾಬೂಲಿನ ನೋಟಗಳನ್ನು ತಂದ.

ನಮ್ಮ ಸೀಮೆಗೆ ಹಿಂದಿರುಗೋಣ. ಆ ಅಧಿಕಾರಿಗಳು ಯಾವ ಯಾವ ಜಾಗಗಳನ್ನು ಬರೆದರು ಎಂದು ಒಂದು ಹಾಳೆಯ ಮೇಲೆ ಪಟ್ಟಿ ಮಾಡಿ, ಮೇಲೆ ನಾನು ಹೇಳಿದ ದುರ್ಗಗಳ ಹೆಸರುಗಳ ಪಕ್ಕದಲ್ಲಿ ಇಟ್ಟು ನೋಡಿ. ಬೆಂಗಳೂರು, ಹೊಸೂರು, ನಂದಿ, ಸಾವನದುರ್ಗ, ರಾಮಗಿರಿ, ಶಿವಗಂಗೆ, ಶ್ರೀರಂಗಪಟ್ಟಣ. ಎರಡು ಪಟ್ಟಿಗಳೂ ಬಹುಮಟ್ಟಿಗೆ ಒಂದೇ. ಚಿತ್ರಗಳ ಸಂಪುಟವನ್ನು ಮಗುಚುತ್ತಾ ಹೋದರೆ ದಂಡು ನಡೆದ ದಾರಿಯನ್ನೇ ನಾವು ನಡೆಯುತ್ತೇವೆ. ದಂಡು ಹೋಗದ ಬೇಲೂರು, ಹಳೇಬೀಡುಗಳು ನಾನು ನೋಡಿದ ಹಾಳೆಗಳಲ್ಲಿ ಇಲ್ಲ. ರಮ್ಯತೆಯೇ ಅವರ ಗುರಿಯಾಗಿದ್ದರೆ ಮಲೆನಾಡಿನ ಒಂದು ತೊರೆಯಾದರೂ ಇರಬೇಕಿತ್ತಲ್ಲವೇ? ಅವರು ಬರೆದ ಬೆಟ್ಟಗಳು ಚೆಂದವಾಗಿವೆ ಎಂಬುದು ನಿಜ. ಆದರೆ ಅವು ಚಿತ್ರದೊಳಗೆ ಬಂದದ್ದು ಚೆಂದವಾಗಿವೆ ಎಂಬ ಕಾರಣಕ್ಕಲ್ಲ, ಅವುಗಳ ನೆತ್ತಿಯ ಮೇಲೆ ಟಿಪ್ಪುವಿನ ಠಾಣೆ ಇತ್ತು ಎಂಬ ಕಾರಣಕ್ಕೆ. ನಿಸರ್ಗಚಿತ್ರ ಎಂದು ನಾವು ಕರೆಯುವ ಆ ಹಾಳೆಯಲ್ಲಿ ವಸ್ತುವನ್ನು ಆರಿಸಿದವನು ಕಲಾವಿದನಲ್ಲ, ಸೇನಾಪತಿ.

ಸಾವನದುರ್ಗವನ್ನು ಕೋಲ್‌ಬ್ರೂಕನೂ ಬರೆದಿದ್ದಾನೆ, ಹೋಮನೂ ಬರೆದಿದ್ದಾನೆ. ಕೆಲವು ವರ್ಷಗಳ ಹಿಂದೆ ಒಂದು ಮಾಘಮಾಸದ ಬೆಳಿಗ್ಗೆ ಆ ಚಿತ್ರಗಳ ನೆರಳಚ್ಚು ಪ್ರತಿಗಳನ್ನು ರಟ್ಟಿಗೆ ಕ್ಲಿಪ್ ಹಾಕಿಕೊಂಡು ನಾನು ಮಾಗಡಿ ರಸ್ತೆಯ ಕಡೆಯಿಂದ ಬೆಟ್ಟದ ಬುಡಕ್ಕೆ ಹೋಗಿದ್ದೆ. ವೀರಭದ್ರಸ್ವಾಮಿ ಗುಡಿಯ ಹತ್ತಿರ ಬಸ್ಸಿಳಿದು ಹಿಂದೆ ಹಿಂದೆ ನಡೆದು ಬಯಲಿಗೆ ಬಂದರೆ ಬೆಟ್ಟ ಪೂರ್ತಿ ಕಣ್ಣಿಗೆ ಸಿಗುತ್ತದೆ. ಕರಿಗುಡ್ಡ, ಬಿಳಿಗುಡ್ಡ ಎಂದು ಊರಿನವರು ಕರೆಯುವ ಎರಡು ನೆತ್ತಿಗಳು, ನಡುವೆ ಆಳವಾದ ಸೀಳು, ಬುಡದವರೆಗೆ ಇಳಿಯುವ ಒಂದೇ ಬರಿಬಂಡೆ. ಪೆನ್ಸಿಲನ್ನು ತೋಳಿನ ಉದ್ದಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಜಾರಿಸುತ್ತಾ ಮಕ್ಕಳಿಗೆ ಕಲಿಸುವಂತೆಯೇ ನಾನೂ ಅಳತೆ ತೆಗೆದುಕೊಂಡೆ. ಅಲ್ಲಿ ಕೂತು ಆ ಪ್ರತಿಗಳನ್ನು ನೋಡುತ್ತಿದ್ದಾಗ ನನಗೆ ತಟ್ಟಿದ ವಿಷಯ ಒಂದಿದೆ. ಮರಗಿಡಗಳನ್ನು ಬರೆದ ಕೈ ಅವಸರದ್ದು. ಆ ಕಾಲದಲ್ಲಿ ಬೆಟ್ಟದ ಸುತ್ತ ಬಿದಿರಿನ ದಟ್ಟ ಕಾಡಿತ್ತು, ಅದನ್ನು ಕಡಿದು ದಾರಿ ಮಾಡಿಕೊಂಡೇ ಫಿರಂಗಿಗಳನ್ನು ಎಳೆದುತಂದರು. ಚಿತ್ರದಲ್ಲಿ ಗಿಡಗಂಟಿಗಳು ಯಾವ ದೇಶದ್ದಾದರೂ ಆಗಬಹುದಾದ ಹಸಿರು ಮುದ್ದೆಗಳು. ಅದೇ ಕೈ ಬಂಡೆಯ ಅಂಚಿಗೆ ಬಂದಾಗ ಉಸಿರು ಬಿಗಿಹಿಡಿದಂತೆ ನಿಧಾನವಾಗಿದೆ. ಇಳಿಜಾರು ಎಲ್ಲಿ ಸಡಿಲ, ಎಲ್ಲಿ ಕಡಿದು, ನೆತ್ತಿಗಳ ನಡುವಿನ ಸೀಳು ಎಲ್ಲಿಂದ ಕಾಣಲು ಶುರುವಾಗುತ್ತದೆ ಎಂಬುದರಲ್ಲಿ ಆ ಗೆರೆ ಬಹಳ ಎಚ್ಚರ ವಹಿಸಿದೆ. ಹತ್ತಬೇಕಾದವನು ನೋಡುವ ಬಗೆ ಅದು. ನಾನು ಕೂತ ಕಲ್ಲಿನ ಮೇಲಿಂದ ಎದ್ದಾಗ, ಇಲ್ಲೇ ಎಲ್ಲೋ ಗುಣಾಕಾರದ ಗುರುತು ಬೀಳುತ್ತದೆ, ಅದರ ಪಕ್ಕದಲ್ಲಿ ಒಂದು ತೋಪು ನಿಂತಿರುತ್ತದೆ ಅನ್ನಿಸಿ ಮೈ ಜುಮ್ಮೆಂದಿತು.

ಈ ಮಾತನ್ನು ಹೇಳುವಾಗ ಆ ಗೆರೆಯ ಬಗ್ಗೆ ನನಗಿರುವ ಮೆಚ್ಚುಗೆಯನ್ನು ಮುಚ್ಚಿಡುವುದಿಲ್ಲ. ಬಂಡೆಯನ್ನು ಬರೆಯುವುದು ಸುಲಭವಲ್ಲ. ಮೂವತ್ತೊಂದು ವರ್ಷಗಳಲ್ಲಿ ಬಂಡೆಯ ಭಾರ ಕಾಗದದ ಮೇಲೆ ಕೂರುವಂತೆ ಬರೆದ ಮಕ್ಕಳು ನನಗೆ ಬೆರಳೆಣಿಕೆಯಷ್ಟೇ ಸಿಕ್ಕಿದರು. ಯುದ್ಧದ ನಡುವೆ, ಡೇರೆಯ ಕೆಳಗೆ, ಕೆಮ್ಮಣ್ಣಿನ ಧೂಳಿನಲ್ಲಿ ಅಷ್ಟು ಸ್ಥಿರವಾಗಿ ಬರೆದವರ ಕೈಗೆ ಸಲ್ಲಬೇಕಾದ ಗೌರವ ಸಲ್ಲಬೇಕು. ಗೌರವ ಸಲ್ಲಬೇಕಾದರೆ ಹೆಸರನ್ನಾದರೂ ಅಚ್ಚು ಹಾಕಬೇಕಲ್ಲ.

ಇನ್ನು ‘ರಮ್ಯ’ ಎಂಬ ಪದದ ವಿಚಾರ. ಹಂಟರನ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದ ಸಂಪುಟದ ಹೆಸರಿನಲ್ಲಿಯೇ ಪಿಕ್ಚರೆಸ್ಕ್ ಎಂಬ ಮಾತಿದೆ, ನಿಮ್ಮ ಪುರವಣಿಯ ರಮ್ಯ ಬಂದದ್ದು ಬಹುಶಃ ಅಲ್ಲಿಂದಲೇ. ಆದರೆ ಆ ಇಂಗ್ಲಿಷ್ ಮಾತು ಕನ್ನಡದ ರಮ್ಯದಂತೆ ಬರೀ ಚೆಂದ ಎಂಬ ಅರ್ಥದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ವಿಲಿಯಂ ಗಿಲ್ಪಿನ್ ಮೊದಲಾದವರು ಬೆಳೆಸಿದ ಒಂದು ಅಭಿರುಚಿಯ ಹೆಸರು ಅದು. ಒರಟು ಬಂಡೆ, ಮುರಿದ ಗೋಡೆ, ಪಾಳುಬಿದ್ದ ಬುರುಜು, ಮುಂದೆ ಒಂದಿಬ್ಬರು ಸಣ್ಣ ಮನುಷ್ಯರು, ಹಿಂದೆ ತಿಳಿಯಾಗುತ್ತಾ ಹೋಗುವ ದೂರ, ಇವು ಕೂಡಿದರೆ ನೋಟ ಆ ಹೆಸರಿಗೆ ತಕ್ಕದ್ದಾಗುತ್ತಿತ್ತು. ಹೊಸದಾಗಿ ಗುಂಡೇಟು ತಿಂದ ನಮ್ಮ ಕೋಟೆಗಳು ಆ ಅಚ್ಚಿಗೆ ಸಲೀಸಾಗಿ ಹೊಂದಿಕೊಂಡವು. ಮೇ ತಿಂಗಳ ಮಳೆಯಲ್ಲಿ ಕೆಸರಿನಲ್ಲಿ ಬಿದ್ದು ಸತ್ತ ಎತ್ತುಗಳು ಹೊಂದಿಕೊಳ್ಳಲಿಲ್ಲ. ಅವುಗಳ ಒಂದು ಚಿತ್ರವನ್ನೂ ನಾನು ಈ ಸಂಪುಟಗಳಲ್ಲಿ ಕಂಡಿಲ್ಲ. ಮೇವಿಲ್ಲದೆ, ಬಿತ್ತನೆಯಿಲ್ಲದೆ ಊರು ಬಿಟ್ಟ ರೈತರನ್ನೂ ಕಂಡಿಲ್ಲ. ದಂಡಿಗೆ ಧಾನ್ಯ ಹೊತ್ತು ತಂದ ಲಂಬಾಣಿಗಳು ಇಲ್ಲದಿದ್ದರೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ತಲುಪುತ್ತಲೇ ಇರಲಿಲ್ಲ. ಅವರನ್ನು ಯಾವ ಚಿತ್ರದ ನಡುವಿನಲ್ಲಿಯೂ ನಾನು ನೋಡಿಲ್ಲ.

ಬಣ್ಣದ ವಿಚಾರವನ್ನೂ ಓದುಗರು ತಿಳಿಯಬೇಕು. ನೀವು ಅಚ್ಚು ಹಾಕಿದ್ದು ಅಧಿಕಾರಿಗಳ ಕೈಯ ಜಲವರ್ಣವನ್ನಲ್ಲ, ಅದನ್ನು ನೋಡಿಕೊಂಡು ಮಾಡಿದ ಅಕ್ವಾಟಿಂಟ್ ಮುದ್ರಣವನ್ನು. ತಾಮ್ರದ ತಗಡಿನ ಮೇಲೆ ರಾಳದ ನುಣುಪಾದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ನಡುವಿನ ತಾಮ್ರ ಮಾತ್ರ ಕೊರೆಯುತ್ತದೆ. ಎಷ್ಟು ಹೊತ್ತು ಅದ್ದುತ್ತಾರೋ ಅಷ್ಟು ಗಾಢ. ಮಸಿ ಹಚ್ಚಿ ಒತ್ತಿದಾಗ ಕುಂಚದಲ್ಲಿ ಎಳೆದ ನೀರುಬಣ್ಣದಂಥ ಛಾಯೆ ಬರುತ್ತದೆ. ಈ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಜನಪ್ರಿಯಗೊಳಿಸಿದವನೂ ವುಲಿಚ್‌ನ ಆ ಸ್ಯಾಂಡ್‌ಬಿಯೇ. ಅಚ್ಚಾದ ಹಾಳೆಗೆ ಆಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಹಂಟರ್ 1792ರಲ್ಲಿಯೇ ತೀರಿಕೊಂಡ. ಅವನ ಚಿತ್ರಗಳು ಲಂಡನ್ನಿನ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನ ಕೈಯಲ್ಲಿ ಸಂಪುಟವಾಗಿ ಬಂದದ್ದು 1804–05ರಲ್ಲಿ, ಟಿಪ್ಪುವೂ ಸತ್ತು ಐದು ವರ್ಷವಾದ ಮೇಲೆ. ಹಾಗಾಗಿ ದೆಹಲಿ ಬಾಗಿಲಿನ ಮೇಲೆ ನಿಮ್ಮ ಪುರವಣಿಯಲ್ಲಿ ಕಂಡ ಆ ತಿಳಿನೀಲಿಯ ಪ್ರಶಾಂತ ಆಕಾಶ ಹಂಟರ್ ಕಂಡ ಬೆಂಗಳೂರಿನ ಆಕಾಶವೆಂದು ನಂಬುವುದಕ್ಕೆ ಆಧಾರವಿಲ್ಲ. ಹನ್ನೆರಡು ವರ್ಷದ ನಂತರ, ಚಿತ್ರಕಾರನಿಲ್ಲದ ಕೋಣೆಯಲ್ಲಿ ಬೇರೆಯವರು ತುಂಬಿದ ಬಣ್ಣ ಅದು. ಅಡಿಬರಹದ ‘ನೆಮ್ಮದಿ’ ಹುಟ್ಟಿದ್ದು ಆ ಬಣ್ಣದಿಂದಲೇ ಇರಬೇಕು.

ಇದೇ ಹಗೆತನವನ್ನು ನಮ್ಮ ಕಡೆಯ ಚಿತ್ರಗಾರರು ಹೇಗೆ ಬರೆದರು ಎಂಬುದನ್ನು ನೋಡಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕಂಪನಿಯ ಸೈನ್ಯವನ್ನು ಸೋಲಿಸಿದ ಪ್ರಸಂಗ ಅಲ್ಲಿನ ಗೋಡೆಯ ತುಂಬ ಇದೆ. ಅದನ್ನು ನಂತರದವರು ತಿದ್ದಿ ಬಣ್ಣ ಹಚ್ಚಿದ್ದಾರೆ, ಆದರೂ ಮೂಲದ ಯೋಜನೆ ಉಳಿದಿದೆ. ಆ ಗೋಡೆಯಲ್ಲಿ ದಿಗಂತವಿಲ್ಲ, ದೂರವೆಂಬುದಿಲ್ಲ. ಸಾಲು ಸಾಲು ಕುದುರೆ, ಸಾಲು ಸಾಲು ಸಿಪಾಯಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿರುವ ಕಂಪನಿಯ ದಂಡನಾಯಕ ಕರ್ನಲ್ ಬೇಲಿ. ಒಬ್ಬೊಬ್ಬ ಸೈನಿಕನಿಗೂ ಮುಖವಿದೆ, ಮೀಸೆಯಿದೆ, ಬಿದ್ದವನಿಗೂ ಮುಖವಿದೆ. ಅಧಿಕಾರಿಗಳ ಚಿತ್ರಗಳಲ್ಲಿ ನೆಲ ದೊಡ್ಡದು, ಮನುಷ್ಯ ಕಡಲೆಕಾಳಿನಷ್ಟು. ದರಿಯಾ ದೌಲತ್‌ನಲ್ಲಿ ಮನುಷ್ಯನೇ ಎಲ್ಲ, ನೆಲಕ್ಕೆ ಜಾಗವೇ ಇಲ್ಲ. ಅದೂ ಪಕ್ಷಪಾತದ ಚಿತ್ರವೇ, ಗೆದ್ದವರು ತಮ್ಮ ಗೆಲುವನ್ನು ಹೊಗಳಿಕೊಂಡದ್ದೇ. ಆದರೆ ಅದನ್ನು ನೋಡಿದ ಯಾರೂ ಅದೊಂದು ನೆಮ್ಮದಿಯ ನೋಟ ಎಂದು ತಪ್ಪು ತಿಳಿಯಲಾರರು. ಬೆಟ್ಟದ ಚಿತ್ರಕ್ಕೆ ಮಾತ್ರ ಆ ತಪ್ಪುಗ್ರಹಿಕೆ ಅಂಟಿಕೊಳ್ಳುತ್ತದೆ, ಏಕೆಂದರೆ ಬೆಟ್ಟ ಯಾರ ಪರವೂ ಇಲ್ಲ ಎಂದು ನಾವು ಭಾವಿಸುತ್ತೇವೆ.

ಟಿಪ್ಪುವಿನ ಬಗ್ಗೆ ಈ ನಾಡಿನಲ್ಲಿ ಬಿಸಿ ಬಿಸಿಯಾದ ವಾದಗಳಿವೆ ಎಂದು ಬಲ್ಲೆ, ಈ ಪತ್ರ ಅದರೊಳಗೆ ಹೋಗುವುದಿಲ್ಲ. ಅರಸ ಒಳ್ಳೆಯವನೋ ಕೆಟ್ಟವನೋ, ಮುಳ್ಳುಬೇಲಿಯ ಒಳಗೆ ಇದ್ದದ್ದು ನಮ್ಮ ಪೇಟೆ. ನೇಕಾರರು, ಬಳೆಗಾರರು, ಗಾಣಿಗರು, ಅಕ್ಕಸಾಲಿಗರು ಅಲ್ಲಿದ್ದರು. ಮಾರ್ಚ್ 7ರ ಆ ದಿನವನ್ನು ಅವರು ಹೇಗೆ ಕಳೆದರು ಎಂಬುದನ್ನು ತೋರಿಸುವ ಒಂದು ಚಿತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಚಿತ್ರವನ್ನು ಚಿತ್ರವಾಗಿ ನೋಡಬಾರದೇ, ಎಲ್ಲದಕ್ಕೂ ಯುದ್ಧದ ಕಥೆ ಏಕೆ ಎಂದು ಕೇಳುವ ಗೆಳೆಯರು ನನಗಿದ್ದಾರೆ. ಹಾಗಿದ್ದರೆ ಅವುಗಳನ್ನು ಗೋಡೆಯಿಂದ ಇಳಿಸಿಬಿಡೋಣ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಇಳಿಸಿಬಿಟ್ಟರೆ ನಷ್ಟ ನಮಗೇ. ಕೆಂಪೇಗೌಡರ ಮಣ್ಣಿನ ಕೋಟೆಯ ಜಾಗದಲ್ಲಿ ಹೈದರ್ ಕಲ್ಲಿನಲ್ಲಿ ಕಟ್ಟಿಸಿದ ದುಂಡುಕೋಟೆಯ ಬಹುಪಾಲು ಈಗ ಇಲ್ಲ. ರಸ್ತೆಗೆಂದು, ಆಸ್ಪತ್ರೆಗೆಂದು, ಮಾರುಕಟ್ಟೆಗೆಂದು ನಾವೇ ಅದನ್ನು ಕೆಡವುತ್ತಾ ಬಂದೆವು. ದೆಹಲಿ ಬಾಗಿಲು ಮತ್ತು ಅರಮನೆಯ ಒಂದು ಭಾಗ ಉಳಿದಿವೆ. ಅರಮನೆಯ ಮರದ ಕಂಬಗಳ ಸಾಲು, ಮುಂದಿನ ಅಂಗಳ, ಕೋಟೆಯ ಬಾಗಿಲುಗಳ ಎತ್ತರ ಇವೆಲ್ಲ ಅಂದು ಹೇಗಿದ್ದವು ಎಂಬುದಕ್ಕೆ ಹಂಟರನ ಹಾಳೆಗಳಷ್ಟು ಹತ್ತಿರದ ಸಾಕ್ಷಿ ನಮಗೆ ಬೇರೆ ಸುಲಭವಾಗಿ ಸಿಗದು. ಅರಮನೆಗೆ ಶಾಲಾ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಆ ಚಿತ್ರದ ಪ್ರತಿಯನ್ನು ಅವರ ಕೈಗೆ ಕೊಟ್ಟು, ಇದರಲ್ಲಿರುವ ಯಾವುದು ಇಂದು ಇಲ್ಲ ಎಂದು ಹುಡುಕಿಸುತ್ತಿದ್ದೆ. ಸಾಕ್ಷಿಯನ್ನು ಇಟ್ಟುಕೊಳ್ಳಬೇಕು, ಆದರೆ ಸಾಕ್ಷಿ ಹೇಳಿದವನು ಯಾರು, ಆಗ ಎಲ್ಲಿದ್ದ ಎಂದು ಕೇಳದೆ ಯಾವ ನ್ಯಾಯಸ್ಥಾನವೂ ಸಾಕ್ಷಿಯನ್ನು ಒಪ್ಪುವುದಿಲ್ಲ. ಹಂಟರ್ ಅರಮನೆಯ ಅಂಗಳದಲ್ಲಿ ನಿಶ್ಚಿಂತೆಯಿಂದ ಕೂತು ಬರೆಯಲು ಆದದ್ದು ಏಕೆಂದರೆ ಕಿಲ್ಲೇದಾರ ಸತ್ತಿದ್ದ, ಕೋಟೆ ಅವನ ದಂಡಿನ ಕೈಯಲ್ಲಿತ್ತು. ಈ ಒಂದು ಸಂಗತಿ ಗೊತ್ತಾದರೆ ಆ ಖಾಲಿ ಅಂಗಳ ಬೇರೆಯದೇ ರೀತಿ ಕಾಣುತ್ತದೆ. ಚಿತ್ರದ ಸೊಗಸು ಅದರಿಂದ ಕಡಿಮೆಯಾಗುವುದಿಲ್ಲ.

ಗುರುತುಗಳನ್ನು ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆಯಿದೆ. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ನೆನಪಿಗೆ ನಿಲ್ಲಿಸಿದ್ದ ಸ್ತಂಭ ಹಡ್ಸನ್ ವೃತ್ತದ ಬಳಿ ಇತ್ತು. ಇಂದಿನ ನೃಪತುಂಗ ರಸ್ತೆಗೆ ಅದರಿಂದಲೇ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. 1964ರಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿಯೋ ತಪ್ಪೋ, ಅದರ ಜೊತೆಗೆ ಆ ಜಾಗದಲ್ಲಿ ಮುತ್ತಿಗೆಯ ನೆನಪೂ ಹೋಯಿತು. ನೃಪತುಂಗನ ಹೆಸರು ಬಂದದ್ದು ನನಗೆ ಸಂತೋಷವೇ. ಆದರೆ ಅಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳನ್ನು ಕೇಳಿ ನೋಡಿದ್ದೇನೆ, ಬೆಂಗಳೂರಿಗೆ ಮುತ್ತಿಗೆ ಬಿದ್ದಿತ್ತು ಎಂಬುದನ್ನೇ ಅರಿಯದವರು ಹಲವರು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಪತ್ರಿಕೆ ಮುಂದೆ ಇಂಥ ಚಿತ್ರವನ್ನು ಅಚ್ಚು ಹಾಕುವಾಗ ಬರೆದವನ ಹೆಸರು, ಅವನ ಹುದ್ದೆ, ಬರೆದ ಕಾಲ, ಅಚ್ಚಾದ ಊರು ಮತ್ತು ಇಸವಿ, ಆಗ ಆ ಜಾಗ ಯಾರ ಕೈಯಲ್ಲಿತ್ತು ಎಂಬುದನ್ನು ಅಡಿಬರಹದಲ್ಲಿ ಕೊಡಲಿ. ಸಾರ್ವಜನಿಕ ಕಟ್ಟಡಗಳಲ್ಲಿ ಇವುಗಳನ್ನು ತೂಗುಹಾಕುವವರೂ ಚೌಕಟ್ಟಿನ ಕೆಳಗೆ ಕನ್ನಡದಲ್ಲಿ ಇದೇ ವಿವರ ಬರೆಸಲಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಈ ಸಂಪುಟಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಒಂದು ಗೋಡೆಯ ಮೇಲೆ ಅವುಗಳ ಉತ್ತಮ ಅಚ್ಚುಪ್ರತಿಗಳನ್ನು ದಂಡು ನಡೆದ ದಾರಿಯ ನಕ್ಷೆಯೊಂದಿಗೆ, ಪಕ್ಕದಲ್ಲಿ ಪೊಲ್ಲಿಲೂರಿನ ಗೋಡೆಚಿತ್ರದ ಪ್ರತಿಯೊಂದಿಗೆ ಇಟ್ಟರೆ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತಾನೇ ಓದಿಕೊಳ್ಳಬಲ್ಲಳು.

ಸಂಪಾದಕ ಮಂಡಳಿಗೆ ಹೊರೆಯಾಗಬಾರದೆಂದು ಕಳೆದ ಭಾನುವಾರದ ಮೊದಲ ಚಿತ್ರಕ್ಕೆ ಸೂಕ್ತ ಎಂದು ನನಗೆ ತೋರಿದ ಅಡಿಬರಹವನ್ನು ನಾನೇ ಬರೆದು ಕಳುಹಿಸುತ್ತಿದ್ದೇನೆ. ಸ್ಥಳವಿದ್ದರೆ ಬರುವ ಭಾನುವಾರ ತಿದ್ದುಪಡಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ:

‘ಬೆಂಗಳೂರು ಕೋಟೆಯ ದೆಹಲಿ ಬಾಗಿಲು. ಬರೆದವನು ಬ್ರಿಟಿಷ್ ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ. 1791ರ ಮಾರ್ಚ್ 21ರ ರಾತ್ರಿ ಈ ಕೋಟೆಗೆ ಲಗ್ಗೆ ಹತ್ತಿದ ಸೈನ್ಯ ಅವನದು. ಕೋಟೆಯನ್ನು ಕಾಯುತ್ತಾ ಸತ್ತವನು ಕಿಲ್ಲೇದಾರ ಬಹಾದ್ದೂರ್ ಖಾನ್. ಹಂಟರ್ 1792ರಲ್ಲಿ ತೀರಿಕೊಂಡ. ಬಣ್ಣ ತುಂಬಿ ಅಚ್ಚು ಹಾಕಿದ್ದು ಲಂಡನ್ನಿನಲ್ಲಿ, 1804–05ರ ಸಂಪುಟಕ್ಕಾಗಿ. ಬಾಗಿಲು ಇಂದಿಗೂ ಕೃಷ್ಣರಾಜೇಂದ್ರ ರಸ್ತೆಯಲ್ಲಿದೆ.’

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ಚಾಮರಾಜಪೇಟೆ, ಬೆಂಗಳೂರು